ಹೋಮ್ ಪ್ಲೇಟ್ ಪಕ್ಕದ ಎರಡನೇ ಪ್ಲೇಟು

ಕೆಲಸಕ್ಕೆ ಸೇರಿದ ಹೊಸತರಲ್ಲಿ ನಾನು ಸಾಫ್ಟ್‌ಬಾಲ್ ಎಂದರೆ ಮೆತ್ತನೆಯ ಚೆಂಡಿನ ಆಟ ಎಂದೇ ತಿಳಿದಿದ್ದೆ. ನಾನು ಖೊಖೊ ಆಡಿ ಬೆಳೆದವಳು. ದೈಹಿಕ ಶಿಕ್ಷಣದ ಕೋರ್ಸಿನಲ್ಲಿ ಸಾಫ್ಟ್‌ಬಾಲಿನ ಪಾಠವೊಂದಿತ್ತು, ಪರೀಕ್ಷೆಗೆ ಬರಲಾರದು ಎಂದು ಅದನ್ನು ಓದದೆ ಬಿಟ್ಟಿದ್ದೆ. ಕಾರ್ಖಾನೆಯ ಮೈದಾನಕ್ಕೆ ಮೊದಲ ದಿನ ಹೋದಾಗ ನನ್ನ ಕಡೆಗೆ ಉರುಳಿ ಬಂದ ಚೆಂಡನ್ನು ಚಪ್ಪಲಿಗಾಲಲ್ಲೇ ತಡೆಯಲು ಹೋದೆ. ಹೆಬ್ಬೆರಳು ಊದಿಕೊಂಡು ವಾರವೆಲ್ಲ ಕುಂಟಿದೆ. ಕ್ರಿಕೆಟ್ ಚೆಂಡಿಗಿಂತ ದಪ್ಪ, ಕೈಗೆ ತೆಗೆದುಕೊಂಡರೆ ಭಾರ, ಚರ್ಮದ ಹೊದಿಕೆ. ಈಗ ಕ್ರೀಡಾ ವಿಭಾಗದ ಕೆಲಸಕ್ಕೆ ಬರುತ್ತಿರುವ ಹುಡುಗ ಹುಡುಗಿಯರಿಗೆ ನಾನು ಹೇಳುವ ಮೊದಲ ಮಾತು, ಮೈದಾನಕ್ಕೆ ಶೂ ಹಾಕಿಕೊಂಡು ಹೋಗಿ. ಉಳಿದದ್ದನ್ನು ಮೈದಾನ ಕಲಿಸುತ್ತದೆ.

ಅದು ತೊಂಬತ್ತರ ದಶಕದ ಆರಂಭ. ಹಳೇ ಮದ್ರಾಸ್ ರಸ್ತೆಯಲ್ಲಿ, ಇಂದಿರಾನಗರ ದಾಟಿ ಕೆ.ಆರ್. ಪುರದ ಕಡೆಗೆ ಹೋಗುವ ದಾರಿಯಲ್ಲಿದ್ದ ಒಂದು ಸರ್ಕಾರಿ ಕಾರ್ಖಾನೆಯ ಕಲ್ಯಾಣ ವಿಭಾಗದಲ್ಲಿ ನಾನು ಕ್ರೀಡಾ ಸಹಾಯಕಿ. ಮನೆ ದೊಮ್ಮಲೂರಿನಲ್ಲಿ. ಕೆಲಸವೆಂದರೆ ಕ್ಯಾರಂ ಬೋರ್ಡಿಗೆ ಪೌಡರ್ ತರಿಸುವುದರಿಂದ ಹಿಡಿದು ವಾರ್ಷಿಕೋತ್ಸವದಲ್ಲಿ ಅಧಿಕಾರಿಗಳ ಹೆಂಡಂದಿರಿಗೆ ನಿಂಬೆಹಣ್ಣಿನ ಓಟ ಏರ್ಪಡಿಸುವ ತನಕ. ಬಡ್ತಿಗಳು ಬಂದವು, ಅವುಗಳ ಬಗ್ಗೆ ಬರೆಯುವಂಥದ್ದೇನಿಲ್ಲ. ನೆನಪಾಗುವುದು ಆ ಮೈದಾನ ಒಂದೇ. ಕಾರ್ಖಾನೆಯ ಕಾಲೋನಿಯ ಹಿಂಭಾಗದಲ್ಲಿ, ನೀಲಗಿರಿ ಮರಗಳ ಸಾಲಿನ ಪಕ್ಕದಲ್ಲಿ, ಕೆಂಪು ಮಣ್ಣಿನ ಅಗಲವಾದ ಜಾಗ. ಈಗಲೂ ಭಾನುವಾರ ಬೆಳಿಗ್ಗೆ ಎಲ್ಲೋ ನೀರು ಚಿಮುಕಿಸಿದ ಮಣ್ಣಿನ ವಾಸನೆ ಬಂದರೆ ನನ್ನ ಕಣ್ಣು ಮೂಲೆಯಲ್ಲಿರುವ ಶೂಗಳನ್ನು ಹುಡುಕುತ್ತದೆ.

ನನಗೆ ಆಟ ಕಲಿಸಿದವರು ಆರೋಗ್ಯದಾಸ್. ಟೂಲ್ ರೂಮಿನ ಫೋರ್‌ಮನ್, ಹಲಸೂರಿನವರು, ನನಗಿಂತ ಬಹಳ ಹಿರಿಯರು. ದಂಡು ಪ್ರದೇಶದ ಮೈದಾನಗಳಲ್ಲಿ ಚಿಕ್ಕಂದಿನಿಂದ ಸಾಫ್ಟ್‌ಬಾಲ್ ಆಡಿ, ಮೊಣಕಾಲು ಸೋತ ಮೇಲೆ ಅಂಪೈರ್ ಆದವರು. ಅವರ ಕನ್ನಡದಲ್ಲಿ ತಮಿಳು ಕಾಲು ಚಾಚಿಕೊಂಡು ಕೂತಿರುತ್ತಿತ್ತು. ನನ್ನ ಊದಿದ ಬೆರಳನ್ನು ನೋಡಿ ಅವರು ನಗಲಿಲ್ಲ.

"ನೋಡಮ್ಮಾ ಇಂದುಮತಿ, ಚೆಂಡಿಗೆ ಕಾಲು ಕೊಡಬಾರ್ದು. ಕೈ ಕೊಡು. ಗ್ಲೌಸ್ ಹಾಕ್ಕೊ, ಇಲ್ಲಿ ನಿಂತ್ಕೊ," ಎಂದು ಹೇಳಿ ಅಂದೇ ಪಾಠ ಶುರುಮಾಡಿದರು.

ಆಟ ಗೊತ್ತಿಲ್ಲದವರಿಗೆ ಇಷ್ಟು ಹೇಳಿದರೆ ಸಾಕು. ಮೈದಾನದ ನಾಲ್ಕು ಮೂಲೆಯಲ್ಲಿ ನಾಲ್ಕು ಗುರುತು. ಚೆಂಡು ಹೊಡೆಯುವವರು ನಿಲ್ಲುವ ಮೂಲೆಗೆ ಹೋಮ್ ಪ್ಲೇಟ್ ಎನ್ನುತ್ತಾರೆ. ಹೊಡೆದು ಓಡಿ, ಉಳಿದ ಮೂರು ಬೇಸ್‌ಗಳನ್ನು ಮುಟ್ಟಿ, ಮತ್ತೆ ಹೋಮಿಗೆ ಬಂದರೆ ಒಂದು ರನ್. ಹೊಡೆಯುವವರ ಹಿಂದೆ ಕುಕ್ಕರುಗಾಲಲ್ಲಿ ಕೂತು ಚೆಂಡು ಹಿಡಿಯುವವರು ಕ್ಯಾಚರ್. ಓಡಿ ಬರುವವರಿಗೆ ಹೋಮ್ ಪ್ಲೇಟಿನಲ್ಲಿ ಚೆಂಡು ತಾಗಿಸಿ ಔಟ್ ಮಾಡುವ ಕೆಲಸವೂ ಕ್ಯಾಚರ್‌ದೇ.

ಗಂಡಸರು ಹೆಂಗಸರು ಒಟ್ಟಿಗೆ ಆಡುವ ಟೂರ್ನಮೆಂಟ್ ಮಾಡಬೇಕು ಎಂಬುದು ಯಾರ ದೊಡ್ಡ ಆದರ್ಶವೂ ಆಗಿರಲಿಲ್ಲ. ಆಡಬೇಕೆಂಬ ಆಸೆಯಿದ್ದ ಹೆಂಗಸರು ಒಂದೊಂದು ಕಡೆ ನಾಲ್ಕೈದು ಜನ ಇದ್ದರು, ಅಷ್ಟೆ. ನಮ್ಮ ಕಾರ್ಖಾನೆಯಲ್ಲಿ ಕೆಲವರು, ಇನ್ಶೂರೆನ್ಸ್ ಕಾಲೋನಿಯಲ್ಲಿ ಕೆಲವರು, ಲಿಂಗರಾಜಪುರದಿಂದ ಇಬ್ಬರು ನರ್ಸುಗಳು. ಎಲ್ಲೂ ಒಂದು ಟೀಮ್ ಆಗುವಷ್ಟು ಜನ ಇಲ್ಲ. "ಹಾಗಾದ್ರೆ ಅರ್ಧ ಗಂಡಸರು, ಅರ್ಧ ಹೆಂಗಸರು. ಭಾನುವಾರದ ಖುಷಿಗೆ ಆಡೋದು ತಾನೆ," ಎಂದರು ದಾಸ್. ಕಲ್ಯಾಣಾಧಿಕಾರಿ ಶ್ರೀಕಂಠಯ್ಯನವರು ಸಹಿ ಹಾಕಿದರು. ಆಮೇಲೆ ಗೊತ್ತಾಯಿತು, ಅವರು ಅದನ್ನು ಥ್ರೋಬಾಲ್ ಎಂದುಕೊಂಡು ಸಹಿ ಮಾಡಿದ್ದರು.

ಮೊದಲ ವರ್ಷದ ಪಂದ್ಯಗಳನ್ನು ನೆನೆದರೆ ಈಗ ನಗು ಬರುತ್ತದೆ, ಆಗ ಸಿಟ್ಟು ಬಂದಿತ್ತು. ಪ್ರತಿ ಟೀಮೂ ಹೆಂಗಸರನ್ನು ಚೆಂಡು ಬಾರದ ಮೂಲೆಗೆ ನಿಲ್ಲಿಸುತ್ತಿತ್ತು. ಅಕಸ್ಮಾತ್ ಅವರ ತಲೆಯ ಮೇಲೆ ಚೆಂಡು ಎದ್ದರೆ ಪಕ್ಕದ ಗಂಡಸು "ಬಿಡಿ ಬಿಡಿ, ನಾನಿದ್ದೀನಿ!" ಎಂದು ಕೂಗುತ್ತಾ ನುಗ್ಗಿ ಬರುತ್ತಿದ್ದ. ಹೆಂಗಸರು ಬ್ಯಾಟ್ ಹಿಡಿದು ಬಂದರೆ ದೂರದಲ್ಲಿದ್ದ ಫೀಲ್ಡರುಗಳೆಲ್ಲ ನಗುತ್ತಾ ಹತ್ತಿರಕ್ಕೆ ಬಂದು ಸೊಂಟದ ಮೇಲೆ ಕೈಯಿಟ್ಟು ನಿಲ್ಲುತ್ತಿದ್ದರು.

ಹಾಗೆ ನಿಂತಿದ್ದವರಿಗೆ ಪಾಠ ಕಲಿಸಿದವಳು ರೆಹಾನಾ. ಶಿವಾಜಿನಗರದ ಹುಡುಗಿ, ಇನ್ಶೂರೆನ್ಸ್ ಆಫೀಸಿನಲ್ಲಿ ಟೈಪಿಸ್ಟ್. ತೆಳ್ಳಗೆ, ಎತ್ತರಕ್ಕಿದ್ದಳು. ದುಪಟ್ಟಾವನ್ನು ಸೊಂಟಕ್ಕೆ ಬಿಗಿದು, ಅದರ ಮೇಲೆ ಕ್ಯಾಚರ್‌ನ ಎದೆಕವಚ ಕಟ್ಟಿಕೊಳ್ಳುತ್ತಿದ್ದಳು. ಅವಳು ಬ್ಯಾಟ್ ಹಿಡಿದಾಗ ನಮ್ಮ ಮೆಷಿನ್ ಶಾಪಿನ ಮುನಿರಾಜು ಅಂಗಳದಲ್ಲಿ ಮಾತಿಗೆ ನಿಂತವನ ಹಾಗೆ ತೀರ ಹತ್ತಿರ ಬಂದು ನಿಂತ. ಕೆ.ಆರ್. ಪುರದ ಆಚೆಯ ಹಳ್ಳಿಯವನು, ಕಟ್ಟುಮಸ್ತಾದ ಆಳು, ಇಡೀ ಟೂರ್ನಮೆಂಟಿನಲ್ಲಿ ಅವನಷ್ಟು ಜೋರಾಗಿ ಹೊಡೆಯುವವರಿರಲಿಲ್ಲ. ರೆಹಾನಾ ಹೊಡೆದ ಚೆಂಡು ಅವನ ಕಿವಿಯ ಪಕ್ಕದಲ್ಲೇ ಹಾದು ನೀಲಗಿರಿ ಮರದ ಬುಡಕ್ಕೆ ಹೋಗಿ ಬಿತ್ತು. ಅವನು ಓಡಿ ಹೋಗಿ ತರುವಷ್ಟರಲ್ಲಿ ಅವಳು ಮೂರು ಬೇಸ್ ಸುತ್ತಿ ಹೋಮಿಗೆ ಬಂದು ಶೂ ಲೇಸ್ ಬೇರೆ ಕಟ್ಟಿಕೊಳ್ಳುತ್ತಿದ್ದಳು.

ಎಲ್ಲರೂ ನಕ್ಕರು. ದಾಸ್ ಮಾತ್ರ ನಗಲಿಲ್ಲ. "ಕಿವಿ ಪಕ್ಕ ಹೋಯ್ತು. ಇನ್ನೊಂದ್ಸ್ವಲ್ಪ ಈ ಕಡೆ ಬಂದಿದ್ರೆ ಮೂಗೇ ಇರ್ತಿರ್ಲಿಲ್ಲ," ಎಂದರು. ಮುಂದಿನ ಭಾನುವಾರ ಮೈದಾನದ ಮೇಲೆ ಒಂದು ಸುಣ್ಣದ ಗೆರೆ ಬಂತು. ಬ್ಯಾಟಿಗೆ ಚೆಂಡು ತಾಗುವವರೆಗೆ ದೂರದ ಫೀಲ್ಡರುಗಳು ಗೆರೆಯ ಆಚೆಯೇ ಇರಬೇಕು, ಹೊಡೆಯುವವರು ಯಾರೇ ಆಗಿರಲಿ. ಫೀಲ್ಡರುಗಳ ಮುಖ ಉಳಿಸುವ ನಿಯಮ ಅದು. ಅದರಿಂದ ಹೆಂಗಸರ ಮರ್ಯಾದೆಯೂ ಉಳಿಯಿತು. ಒಳ್ಳೆಯ ನಿಯಮ ಹೀಗೆಯೇ ಇರುತ್ತದೆ ಎಂದು ನಾನು ನಿಧಾನವಾಗಿ ಕಲಿತೆ. ಒಬ್ಬರಿಗೆ ಏಟಾಗದಂತೆ ಮಾಡಿದರೆ, ಇನ್ನೊಬ್ಬರಿಗೆ ಅವಮಾನವಾಗುವುದೂ ತಪ್ಪುತ್ತದೆ.

ಬ್ಯಾಟ್ ಎಸೆಯುವ ಚಾಳಿ ನಿಲ್ಲಿಸಿದ್ದು ಇದಕ್ಕಿಂತ ಕಷ್ಟದ ಕೆಲಸ. ಮುನಿರಾಜು ಚೆಂಡು ಹೊಡೆದ ಹುಮ್ಮಸ್ಸಿನಲ್ಲಿ ಬ್ಯಾಟನ್ನು ಹಿಂದಕ್ಕೆ ಬೀಸಿ ಒಗೆದು ಓಡುತ್ತಿದ್ದ. ಒಂದು ಸಲ ಅದು ನೇರವಾಗಿ ದಾಸ್ ಅವರ ಮೊಣಕಾಲಿಗೆ ಬಡಿಯಿತು, ಮೊದಲೇ ಸೋತಿದ್ದ ಕಾಲಿಗೆ. ಎರಡನೇ ಅಂಪೈರ್ ಆಗಿ ಬೇಸಿನ ಬಳಿ ನಿಂತಿದ್ದ ನಾನು, ಬ್ಯಾಟ್ ಎಸೆದದ್ದಕ್ಕೆ ಮುಷ್ಟಿ ಎತ್ತಿ ಔಟ್ ಕೊಟ್ಟೆ.

"ಏನ್ ಮೇಡಂ ಇದು? ಹಿಂಗ್ ಹೊಡ್ದಿದ್ದೀನಿ, ಬಾಲ್ ರೋಡಿಗೆ ಹೋಗೈತೆ, ಔಟ್ ಅಂತೀರಲ್ಲ!" ಎಂದು ಮುನಿರಾಜು ಕೂಗಾಡಿದ.

ದಾಸ್ ನೆಲದ ಮೇಲೆ ಕೂತೇ, ಕಾಲು ನೀವಿಕೊಳ್ಳುತ್ತಾ, "ಮೇಡಂ ಔಟ್ ಅಂದ್ರೆ ಔಟಪ್ಪಾ. ಬ್ಯಾಟು ನಿನ್ನ ಕೈ ಬಿಟ್ ಮೇಲೆ ಅದಕ್ಕೆ ಕಣ್ಣಿಲ್ಲ," ಎಂದರು. ಮುನಿರಾಜು ತಲೆ ತಗ್ಗಿಸಿ ಬಂದು ಅವರನ್ನು ಎತ್ತಿ ಕುರ್ಚಿಯ ಮೇಲೆ ಕೂರಿಸಿದ. ಆಮೇಲೆ ಹೊಡೆದ ಕೂಡಲೇ ಬ್ಯಾಟನ್ನು ಮಲಗಿದ ಮಗುವನ್ನು ಇಳಿಸುವ ಹಾಗೆ ನೆಲಕ್ಕಿಟ್ಟು ಓಡುವುದನ್ನು ಕಲಿತ. ಒಂದೆರಡು ಹೆಜ್ಜೆ ತಡವಾಗುತ್ತಿತ್ತು. ಆದರೂ ಕಲಿತ.

ಇಷ್ಟೆಲ್ಲ ಆದ ಮೇಲೂ ನಾವು ಒಂದು ಜಾಗವನ್ನು ಮರೆತಿದ್ದೆವು. ಹೋಮ್ ಪ್ಲೇಟ್.

ಎರಡನೇ ವರ್ಷದ ಫೈನಲ್. ನಮ್ಮ ಕಾರ್ಖಾನೆಗೂ ಇನ್ಶೂರೆನ್ಸ್ ಕಾಲೋನಿಗೂ ಪಂದ್ಯ. ಕೊನೆಯ ಸರದಿಯಲ್ಲಿ ಮುನಿರಾಜು ಮೂರನೇ ಬೇಸಿನಿಂದ ಹೋಮಿಗೆ ಓಡಿದ. ದೂರದಿಂದ ಚೆಂಡು ಬಂತು. ರೆಹಾನಾ ಅದನ್ನು ಹಿಡಿಯಲು ಒಂದು ಹೆಜ್ಜೆ ಪ್ಲೇಟಿನ ಮುಂದಕ್ಕೆ ಬಂದಳು. ಅವಳ ಕಣ್ಣು ಚೆಂಡಿನ ಮೇಲೆ, ಅವನ ಕಣ್ಣು ಪ್ಲೇಟಿನ ಮೇಲೆ. ಇಬ್ಬರದೂ ತಪ್ಪಲ್ಲ. ನಾನು ಹತ್ತಿರದಲ್ಲೇ ಇದ್ದೆ. ಒಣಗಿದ ಕಡ್ಡಿ ಮುರಿದಂತೆ ಸದ್ದಾಯಿತು. ಧೂಳು ಇಳಿದಾಗ ಅವಳು ಮಗ್ಗುಲಾಗಿ ಬಿದ್ದಿದ್ದಳು, ಚೆಂಡು ಇನ್ನೂ ಗ್ಲೌಸಿನಲ್ಲೇ ಇತ್ತು. ಎಡ ಭುಜದ ಮೇಲಿನ ಮೂಳೆ ಮುರಿದಿತ್ತು.

ಕಾರ್ಖಾನೆಯ ಜೀಪಿನಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಮುನಿರಾಜು ಗೇಟಿನ ತನಕ ಜೀಪಿನ ಪಕ್ಕದಲ್ಲೇ ಓಡಿ ಬಂದ, ಒಳಗೆ ಹತ್ತು ಎಂದರೆ ಹತ್ತಲಿಲ್ಲ. ಕಟ್ಟು ಹಾಕಿಸಿದ ಮೇಲೆ ರೆಹಾನಾಳ ಮನೆಗೆ ಸುದ್ದಿ ಹೇಳಲು ಹೋದವಳು ನಾನು. ಮಸೀದಿಯ ಹಿಂದಿನ ಗಲ್ಲಿ, ಮೇಲಿನ ಮನೆ. ಅವಳಿಗೆ ತಂದೆ ಇರಲಿಲ್ಲ, ತಾಯಿ ಹೊಲಿಗೆ ಮಾಡುತ್ತಿದ್ದರು. ಮೆಷಿನ್ನಿನ ಮೇಲೆ ಕೈಯಿಟ್ಟುಕೊಂಡೇ ಕೇಳಿಸಿಕೊಂಡರು. ಬೈಯುತ್ತಾರೆಂದು ನಾನು ಕಾಯುತ್ತಿದ್ದೆ.

"ಅವಳ ಚಾಚಾ ಬೇಡ ಅಂದಿದ್ರು ಮೇಡಂ, ಹುಡುಗರ ಜೊತೆ ಆಟ ಯಾಕೆ ಅಂತ. ನಾನೇ ಕಳಿಸ್ದೆ. ಭಾನುವಾರ ಮನೆಗೆ ಬಂದಾಗ ಅವಳ ಮುಖ ನೋಡ್ಬೇಕು ನೀವು, ಏನ್ ಖುಷಿ! ಈಗ ಅವರಿಗೆ ನಾನು ಏನ್ ಜವಾಬ್ ಹೇಳ್ಲಿ?"

ಅವರು ಕೊಟ್ಟ ಚಹಾ ಕುಡಿದು ಇಳಿದು ಬಂದೆ. ಈ ಕೆಲಸದಲ್ಲಿ ಪದಕ ಹಂಚುವ ದಿನಗಳಲ್ಲಿ ಎಲ್ಲರೂ ಜೊತೆಗಿರುತ್ತಾರೆ. ಇಂಥ ಮೆಟ್ಟಿಲನ್ನು ಒಬ್ಬರೇ ಹತ್ತಬೇಕಾಗುತ್ತದೆ, ಒಬ್ಬರೇ ಇಳಿಯಬೇಕಾಗುತ್ತದೆ.

ಸೋಮವಾರ ಶ್ರೀಕಂಠಯ್ಯನವರು ಕರೆಸಿದರು. ಕೆಟ್ಟವರಲ್ಲ, ಹೆದರಿದವರು. "ನೋಡಿ ಇಂದುಮತಿಯವ್ರೇ, ನಿಮ್ಮ ಮೇಲೆ ತಪ್ಪು ಹೊರಿಸ್ತಿಲ್ಲ. ಮುಂದಿನ ವರ್ಷದಿಂದ ಗಂಡಸರು ಸಾಫ್ಟ್‌ಬಾಲ್ ಆಡ್ಲಿ. ಹೆಂಗಸರಿಗೆ ಥ್ರೋಬಾಲ್ ಇಡಿ. ಯಾರಿಗೂ ತಲೆನೋವಿಲ್ಲ."

"ಸಾರ್, ರೆಹಾನಾ ಹೆಂಗಸು ಅಂತ ಮೂಳೆ ಮುರೀಲಿಲ್ಲ. ಒಂದೇ ಪ್ಲೇಟಿಗೆ ಇಬ್ಬರು ಬರ್ಬೇಕು ಅಂತ ಆಟ ಇದೆ. ಅಲ್ಲಿ ಗಂಡಸು ನಿಂತಿದ್ರೂ ಮುರೀತಿತ್ತು."

"ಗಂಡಸರದ್ದು ಮುರಿದ್ರೆ ಅವರ ಮನೆಯವರು ಬಂದು ನನ್ನ ಕೇಳಲ್ಲಮ್ಮಾ," ಎಂದರು ಅವರು. ಅದೂ ನಿಜವೇ ಆಗಿತ್ತು. ನಾನು ಹೊರಗೆ ಹೋಗದೆ ಅಲ್ಲೇ ನಿಂತೆ. ಅವರು ಕನ್ನಡಕ ತೆಗೆದು ಒರೆಸಿ, "ಸರಿ. ಇಬ್ಬರು ಡಿಕ್ಕಿ ಹೊಡೀದ ಹಾಗೆ ಏನಾದ್ರೂ ಮಾಡಿ ತೋರ್ಸಿ. ಕಾಗದದ ಮೇಲಲ್ಲ, ಮೈದಾನದಲ್ಲಿ. ಆಮೇಲೆ ನೋಡೋಣ," ಎಂದರು.

ಅದಾದ ಮೇಲಿನ ಕೆಲವು ವಾರಗಳು ನನ್ನ ನೌಕರಿಯ ಅತ್ಯಂತ ಸುಖದ ದಿನಗಳು. ಸೈರನ್ ಆಗುವುದಕ್ಕೆ ಮುಂಚೆ, ಮಂಜು ಇನ್ನೂ ನೆಲದ ಮೇಲಿರುವಾಗಲೇ ದಾಸ್ ಮತ್ತು ನಾನು ಮೈದಾನದಲ್ಲಿರುತ್ತಿದ್ದೆವು. ಅವರು ಕ್ಯಾಚರ್, ನಾನು ಓಡುವವಳು. ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿಕೊಂಡು ಮೂರನೇ ಬೇಸಿನಿಂದ ಓಡುತ್ತಿದ್ದೆ. ಅವರು "ನಿಲ್ಲು, ನಿಲ್ಲು! ಇಲ್ಲೇ ಸಿಕ್ಕಾಕ್ಕೊಂಡ್ವಿ ನೋಡು," ಎಂದು ಶೂವಿನಿಂದ ಗೆರೆ ಎಳೆಯುತ್ತಿದ್ದರು. ದೊಡ್ಡ ಟೂರ್ನಮೆಂಟುಗಳಲ್ಲಿ ಓಡಿ ಬರುವವರಿಗೆ ಬೇರೆ ಪ್ಲೇಟು ಇಡುವ ಪದ್ಧತಿ ಇದೆಯೆಂದು ಅವರು ಎಲ್ಲೋ ಕೇಳಿದ್ದರು, ನೋಡಿರಲಿಲ್ಲ. ಎಷ್ಟು ಅಗಲ, ಎಷ್ಟು ದೂರ ಎಂಬುದನ್ನು ನಾವೇ ಓಡಿ ಓಡಿ ಕಂಡುಕೊಂಡೆವು. ಆಯಾಸವಾದಾಗ ಮರದ ಕೆಳಗೆ ಕೂತು ಅವರ ಫ್ಲಾಸ್ಕಿನ ಕಾಫಿ ಕುಡಿಯುತ್ತಿದ್ದೆವು. ದೂರದಲ್ಲಿ ಕೆ.ಆರ್. ಪುರದ ಕಡೆಗೆ ರೈಲು ಹೋಗುವ ಸದ್ದು ಕೇಳುತ್ತಿತ್ತು. ಆ ಕಾಫಿಯ ಹಾಗೆ ಮತ್ತೆ ಯಾವ ಕಾಫಿಯೂ ನನಗೆ ರುಚಿಸಿಲ್ಲ. ಅದು ಕಾಫಿಯ ಗುಣವಲ್ಲ ಎಂದು ನನಗೂ ಗೊತ್ತು.

ಕೊನೆಗೆ ಉಳಿದದ್ದು ಇದು. ಹೋಮ್ ಪ್ಲೇಟಿನ ಪಕ್ಕದಲ್ಲಿ, ಇಬ್ಬರು ಕೈ ಚಾಚಿದರೂ ತಾಗದಷ್ಟು ದೂರದಲ್ಲಿ, ಇನ್ನೊಂದು ಪ್ಲೇಟು. ಹಳೆಯ ಕನ್ವೇಯರ್ ಬೆಲ್ಟಿನ ರಬ್ಬರಿನಲ್ಲಿ ದಾಸ್ ಕತ್ತರಿಸಿ, ಕಿತ್ತಳೆ ಬಣ್ಣ ಬಳಿದರು. ಓಡಿ ಬರುವವರು ಕಿತ್ತಳೆ ಪ್ಲೇಟನ್ನೇ ಮುಟ್ಟಬೇಕು. ಕ್ಯಾಚರ್ ಚೆಂಡು ಹಿಡಿದು ಬಿಳಿ ಪ್ಲೇಟನ್ನು ಮುಟ್ಟಿದರೆ ಸಾಕು, ಓಡುವವರ ಮೈ ಮುಟ್ಟುವ ಹಾಗಿಲ್ಲ. ಯಾರು ಮೊದಲು ಮುಟ್ಟುತ್ತಾರೋ ಅವರದು. ಮೂರನೇ ಬೇಸಿನಿಂದ ಬರುವ ದಾರಿಯ ನಡುವೆ ಒಂದು ಅಡ್ಡ ಗೆರೆ, ಅದನ್ನು ದಾಟಿದ ಮೇಲೆ ಹಿಂದಕ್ಕೆ ತಿರುಗುವಂತಿಲ್ಲ. ಜಾರಿ ಬೀಳುವಂತಿಲ್ಲ.

ತೋರಿಸುವ ದಿನ ಶ್ರೀಕಂಠಯ್ಯನವರು ಕೊಡೆ ಹಿಡಿದು ಬಂದು ನಿಂತರು. ನಾನು ಓಡಿ ತೋರಿಸಿದೆ. "ನಿಮಗೆ ಅಭ್ಯಾಸ ಆಗಿದೆ, ಅದಕ್ಕೇ ಡಿಕ್ಕಿ ಆಗ್ಲಿಲ್ಲ," ಎಂದರು.

"ಹಾಗಾದ್ರೆ ನೀವೇ ಓಡಿ ಸಾರ್," ಎಂದುಬಿಟ್ಟರು ದಾಸ್.

ಶ್ರೀಕಂಠಯ್ಯನವರು ಅತ್ತಿತ್ತ ನೋಡಿದರು. ಯಾರೂ ಇರಲಿಲ್ಲ. ಕೊಡೆಯನ್ನು ನನ್ನ ಕೈಗೆ ಕೊಟ್ಟು, ಪ್ಯಾಂಟನ್ನು ಮೇಲಕ್ಕೆಳೆದುಕೊಂಡು, ಆಫೀಸಿನ ಶೂಗಳಲ್ಲೇ ಮೂರನೇ ಬೇಸಿನಿಂದ ಓಡಿದರು. ಕಣ್ಣು ಅರ್ಧ ಮುಚ್ಚಿಕೊಂಡಿದ್ದರು. ನಾನು ಚೆಂಡು ಎಸೆದೆ, ದಾಸ್ ಹಿಡಿದು ಬಿಳಿ ಪ್ಲೇಟು ಮುಟ್ಟಿದರು. ಸಾಹೇಬರು ಕಿತ್ತಳೆ ಪ್ಲೇಟು ಮೆಟ್ಟಿ ಇನ್ನೂ ಬಹಳ ದೂರ ಓಡಿಹೋಗಿ ನಿಂತರು. ಏದುಸಿರು ಬಿಡುತ್ತಾ ಕೇಳಿದರು, "ಏನಾದೆ ನಾನು?"

"ಔಟ್ ಸಾರ್."

"ಹೌದಾ? ಇನ್ನೊಂದ್ಸಲ ಓಡ್ಲಾ?"

ಮೂರನೇ ಸಲಕ್ಕೆ ಅವರು ಚೆಂಡಿಗಿಂತ ಮೊದಲೇ ಪ್ಲೇಟು ಮುಟ್ಟಿ ಸೇಫ್ ಆದರು. ಟೂರ್ನಮೆಂಟ್ ಉಳಿಯಿತು.

ಆದರೆ ಮುನಿರಾಜು ಬರಲಿಲ್ಲ. ಕೆಲಸಕ್ಕೆ ಬರುತ್ತಿದ್ದ, ಮೈದಾನದ ಕಡೆ ತಲೆ ಹಾಕುತ್ತಿರಲಿಲ್ಲ. ರೆಹಾನಾಳ ಭುಜ ಕೂಡಿಕೊಂಡಿತ್ತು, ಅವಳ ತಾಯಿ ಚಾಚಾಗೆ ಏನು ಜವಾಬು ಹೇಳಿದರೋ ತಿಳಿಯದು, ಅವಳು ಅಭ್ಯಾಸಕ್ಕೆ ಬಂದಳು. ಆದರೆ ಯಾರಾದರೂ ಹೋಮಿನ ಕಡೆ ಓಡಿ ಬಂದರೆ ಅವಳ ಎಡಗೈ ತಾನಾಗಿಯೇ ಎದೆಗೆ ಅಂಟಿಕೊಳ್ಳುತ್ತಿತ್ತು, ಚೆಂಡು ಬಿದ್ದುಹೋಗುತ್ತಿತ್ತು. ಒಂದು ದಿನ ಗ್ಲೌಸ್ ಕಳಚಿ ನನ್ನ ಬಳಿ ಬಂದಳು.

"ಮೇಡಂ, ಮುನಿರಾಜು ಅವ್ರನ್ನ ಕರೆಸಿ."

"ಅವನು ಬರಲ್ಲ ಅಂತಿದ್ದಾನಲ್ಲಮ್ಮಾ."

"ಬೇರೆಯವರು ನನ್ನ ನೋಡಿ ಮೆತ್ತಗೆ ಓಡಿ ಬರ್ತಾರೆ. ಅದ್ರಿಂದ ನನ್ನ ಭಯ ಹೋಗಲ್ಲ. ಅವರೇ ಬರ್ಬೇಕು, ಅವತ್ತು ಬಂದ ಹಾಗೇ ಬರ್ಬೇಕು. ಇಲ್ದಿದ್ರೆ ನಾನು ಆಡೋದು ಬಿಟ್ಬಿಡ್ತೀನಿ."

ನಾನು ಮುನಿರಾಜುವಿನ ಊರಿಗೆ ಹೋದೆ. ನಡುಮನೆಯ ಗೋಡೆಯ ಮೇಲೆ ಬುದ್ಧನ ಪಟ, ಅದರ ಕೆಳಗೆ ಅವನು ಹಿಂದೆ ಗೆದ್ದ ಕಪ್ಪು. ಅವನು ಜಗಲಿಯ ಮೇಲೆ ಕೂತು ನೆಲ ನೋಡುತ್ತಲೇ ಮಾತಾಡಿದ. "ಆ ಸದ್ದು ಇನ್ನೂ ಕಿವಿಯಾಗೇ ಐತೆ ಮೇಡಂ. ಮಲಗಿದ್ರೂ ಕೇಳ್ತೈತೆ. ನಂಗೆ ಅಲ್ಲಿ ಓಡಕ್ಕಾಗಲ್ಲ."

ಹಿಂದೆ ನಿಂತಿದ್ದ ಅವನ ಅವ್ವ ಹೇಳಿದರು: "ಆ ಹೆಣ್ಮಗಳೇ ಬಾ ಅಂತವ್ಳೆ. ಏಟು ತಿಂದೋಳಿಗೆ ಇರೋ ಧೈರ್ಯ ನಿಂಗಿಲ್ವೇನ್ಲಾ?"

ಅವನು ಬಂದ. ಮೊದಲು ಓಡಿದಾಗ ಗೆರೆ ದಾಟಿದ ಕೂಡಲೇ ನಡೆಯತೊಡಗಿದ. ರೆಹಾನಾ ಚೆಂಡನ್ನು ನೆಲಕ್ಕೆ ಕುಕ್ಕಿದಳು. "ಏನ್ರೀ ಇದು, ಪಾರ್ಕಲ್ಲಿ ವಾಕಿಂಗಾ? ಓಡ್ರೀ! ಜೋರಾಗಿ ಓಡ್ರೀ!" ಮತ್ತೆ ಓಡಿದ. ಮತ್ತೆ ನಿಧಾನ. ಅವಳ ಕಣ್ಣಲ್ಲಿ ನೀರಿತ್ತು, ಸಿಟ್ಟಿನದು. "ನನ್ನ ಮೇಲೆ ದಯೆ ತೋರಿಸ್ಬೇಡ್ರೀ ಮುನಿರಾಜು. ದಯೆ ತೋರ್ಸೋಕೆ ಮನೇಲಿ ಬೇಕಾದಷ್ಟು ಜನ ಇದ್ದಾರೆ!"

ಆ ಮಾತು ಅವನಿಗೆ ತಾಗಿತು. ಮೂರನೇ ಬೇಸಿಗೆ ಹೋಗಿ ನಿಂತ, ಕೈಗೆ ಮಣ್ಣು ಉಜ್ಜಿಕೊಂಡ, ಆಮೇಲೆ ಓಡಿದ. ಲಾರಿ ಬಂದ ಹಾಗೆ ಬಂದ. ಚೆಂಡು ಬಂತು, ಅವಳ ಎಡಗೈ ಚಾಚಿಕೊಂಡಿತು, ಬಿಳಿ ಪ್ಲೇಟಿನ ಮೇಲೆ ಅವಳ ಕಾಲಿತ್ತು. ಅವನು ಪಕ್ಕದಲ್ಲೇ ಗಾಳಿಯೆಬ್ಬಿಸಿಕೊಂಡು ಕಿತ್ತಳೆ ಪ್ಲೇಟನ್ನು ದಾಟಿ ಹೋದ. ಅವಳ ದುಪಟ್ಟಾದ ಅಂಚು ಮಾತ್ರ ಅಲುಗಿತು. ಅವಳು ಚೆಂಡನ್ನು ಎತ್ತಿ ಹಿಡಿದು ಹಾಗೇ ನಿಂತುಬಿಟ್ಟಳು. ಮುನಿರಾಜು ದೂರದಲ್ಲಿ ಮಂಡಿಯ ಮೇಲೆ ಕೈಯೂರಿ ಬಗ್ಗಿದ್ದ, ಅವನ ಬೆನ್ನು ಅಲುಗುತ್ತಿತ್ತು. ನಗುತ್ತಿದ್ದಾನೋ ಅಳುತ್ತಿದ್ದಾನೋ ಹೇಳಲಾಗುತ್ತಿರಲಿಲ್ಲ. ದಾಸ್ ನನ್ನ ಕಡೆ ತಿರುಗಿ, ಕೈಗಳೆರಡನ್ನೂ ಅಗಲಿಸಿ, ಮೈದಾನಕ್ಕೆಲ್ಲ ಕೇಳುವಂತೆ "ಸೇ...ಫ್!" ಎಂದು ಕೂಗಿದರು.

"ಸಾರ್, ಚೆಂಡು ಮೊದಲು ಬಂತು. ಔಟ್," ಎಂದೆ.

"ಅವನು ಔಟಮ್ಮಾ. ನಾನು ಹೇಳಿದ್ದು ಅವರಿಬ್ಬರಿಗೆ," ಎಂದರು.

ಆಮೇಲಿನ ವರ್ಷಗಳಲ್ಲಿ ಟೂರ್ನಮೆಂಟು ಬೆಳೆಯಿತು. ಮಾರತ್ತಹಳ್ಳಿ ಕಡೆಯಿಂದಲೂ ಟೀಮುಗಳು ಬರತೊಡಗಿದವು. ಲೋಹದ ಮೊಳೆಯ ಶೂ ಹಾಕಿಕೊಂಡು ಬಂದವರನ್ನು ಗೇಟಿನಲ್ಲೇ ವಾಪಸ್ ಕಳಿಸಿ ಅವರಿಂದ ಬೈಸಿಕೊಂಡೆ. ಹಳೆಯ ಆಟಗಾರರ ಮಕ್ಕಳು ಅಂಚಿನಲ್ಲಿ ಕೂತು ಕೂಗಿದರು. ರೆಹಾನಾಗೆ ಮದುವೆಯಾಯಿತು. ಗಂಡ ಮೊದಲ ಸಲ ಬಂದಾಗ ಸ್ಕೂಟರಿನಿಂದ ಇಳಿಯದೆ ನೋಡಿದ, ಎರಡನೆಯ ಸಲ ಸ್ಕೋರು ಬರೆಯಲು ಕೂತ. ಶ್ರೀಕಂಠಯ್ಯನವರು ನಿವೃತ್ತರಾಗುವ ದಿನ ಭಾಷಣದಲ್ಲಿ ತಾವು ಸಾಫ್ಟ್‌ಬಾಲ್ ಆಟಗಾರರೆಂದು ಹೇಳಿಕೊಂಡರು, ಯಾರೂ ನಂಬಲಿಲ್ಲ. ದಾಸ್ ನಿವೃತ್ತರಾದರೂ ಪ್ರತಿ ಭಾನುವಾರ ಹಲಸೂರಿನಿಂದ ಬಸ್ಸಿನಲ್ಲಿ ಬರುತ್ತಿದ್ದರು. ಒಂದು ದಿನ ಪಂದ್ಯದ ನಡುವೆ ನನ್ನ ಬಳಿ ಬಂದು, ತಮ್ಮ ಅಂಪೈರ್ ಮಾಸ್ಕ್ ಕಳಚಿ ನನಗೆ ಕೊಟ್ಟು, "ನಂಗೆ ಎರಡು ಚೆಂಡು ಕಾಣ್ತಿದೆಮ್ಮಾ. ಇನ್ಮೇಲೆ ನೀನು ನಿಲ್ಲು," ಎಂದರು. ಆಮೇಲೆ ಬೇಲಿಯ ಪಕ್ಕ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ಬ್ಯಾಟಿಗೆ ಚೆಂಡು ತಾಗಿದ ಸದ್ದಿನಲ್ಲೇ ಹೊಡೆದವರು ಯಾರೆಂದು ಹೇಳುತ್ತಿದ್ದರು.

ಎರಡು ಸಾವಿರದ ಇಸವಿಯ ನಂತರ ಕಾರ್ಖಾನೆ ಸೊರಗಿತು. ಸ್ವಯಂನಿವೃತ್ತಿ ತೆಗೆದುಕೊಂಡು ಜನ ಹೋದರು. ಕ್ವಾರ್ಟರ್ಸುಗಳಿಗೆ ಬೀಗ ಬಿತ್ತು. ಕೊನೆಗೆ ಮೈದಾನವೂ ಕೈತಪ್ಪಿತು. ಸೋಮವಾರ ಬೆಳಿಗ್ಗೆ ಜಾಗ ವಹಿಸಿಕೊಡಬೇಕೆಂದು ಆದೇಶ ಬಂತು. ಅದರ ಹಿಂದಿನ ಭಾನುವಾರ ಉಳಿದವರನ್ನೆಲ್ಲ ಕರೆದು ಕೊನೆಯ ಟೂರ್ನಮೆಂಟ್ ಮಾಡಿದೆವು. ಹಳೆಯ ಟೀಮುಗಳು ಒಡೆದುಹೋಗಿದ್ದರಿಂದ ಚೀಟಿ ಎತ್ತಿ ಹೊಸದಾಗಿ ಟೀಮು ಮಾಡಿದೆವು. ಅಷ್ಟು ವರ್ಷ ಎದುರಾಳಿಗಳಾಗಿದ್ದ ರೆಹಾನಾ ಮತ್ತು ಮುನಿರಾಜು ಮೊದಲ ಬಾರಿಗೆ ಒಂದೇ ಟೀಮಿಗೆ ಬಂದರು.

ನಡುವೆ ಮಳೆ ಬಂದು ಆಟ ನಿಂತು ತಡವಾಯಿತು. ಫೈನಲ್ ಶುರುವಾಗುವಾಗಲೇ ಬಿಸಿಲು ಇಳಿದಿತ್ತು. ಕೊನೆಯ ಸರದಿಗೆ ಬರುವಾಗ ಎರಡೂ ಕಡೆಯ ಸ್ಕೋರು ಸಮ. ರೆಹಾನಾ ಒಳ್ಳೆಯ ಹೊಡೆತ ಹೊಡೆದು ಮೂರನೇ ಬೇಸಿಗೆ ತಲುಪಿದಳು. ಅವಳು ಹೋಮಿಗೆ ಬಂದರೆ ಪಂದ್ಯ ಮುಗಿಯುತ್ತದೆ. ಬ್ಯಾಟ್ ಹಿಡಿದು ಬಂದವನು ಮುನಿರಾಜು, ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಎದುರಿಗೆ ಚೆಂಡು ಹಾಕಲು ನಿಂತವಳು ಆ ವರ್ಷವಷ್ಟೇ ಆಟಕ್ಕೆ ಬಂದಿದ್ದ ಕಾಲೇಜು ಹುಡುಗಿ ಸ್ಮಿತಾ.

ನಾನು ಹೋಮ್ ಪ್ಲೇಟಿನ ಹಿಂದೆ ನಿಂತಿದ್ದೆ. ಸ್ಮಿತಾ ಹಾಕಿದ ಮೊದಲ ಚೆಂಡು ಅವಳ ಕೈ ಬಿಟ್ಟದ್ದು ನನಗೆ ಕಾಣಲಿಲ್ಲ. ಗ್ಲೌಸಿಗೆ ಬಿದ್ದ ಸದ್ದಷ್ಟೇ ಕೇಳಿತು. ನನಗೇ ಕಾಣದಿದ್ದ ಮೇಲೆ, ಮುನಿರಾಜು ತಿರುಗಿಸಿ ಹೊಡೆದ ಚೆಂಡು ನೇರವಾಗಿ ತನ್ನ ಕಡೆ ಬಂದರೆ ಆ ಹುಡುಗಿಗೆ ಕಾಣುತ್ತದೆಯೇ? ಚೆಂಡು ಕಾಣದಾದರೆ ಆಟ ನಿಲ್ಲಿಸಬೇಕು. ನಮ್ಮ ನಿಯಮಗಳಲ್ಲಿ ಯಾರೂ ಎಂದೂ ಜಗಳವಾಡದ ನಿಯಮ ಅದೊಂದೇ ಇತ್ತು.

ನಾನು ಕೈ ಎತ್ತಿದೆ.

"ಬೇಡ ಮೇಡಂ!" ಮೂರನೇ ಬೇಸಿನಿಂದ ರೆಹಾನಾ ಕೂಗಿದಳು. ಸುತ್ತ ನಿಂತವರೆಲ್ಲ "ಆಡಿಸಿ, ಆಡಿಸಿ" ಎಂದರು.

ಮುನಿರಾಜು ಬ್ಯಾಟನ್ನು ಎದೆಗಪ್ಪಿಕೊಂಡು ಮೆಲ್ಲಗೆ ಕೇಳಿದ, "ಒಂದೇ ಒಂದು ಬಾಲ್ ಮೇಡಂ. ನಾಳೆ ಈ ಮೈದಾನ ಇರಲ್ಲ."

ಸ್ಮಿತಾ ಕೂಡ, "ಪರವಾಗಿಲ್ಲ ಮೇಡಂ, ನಾನು ಹಾಕ್ತೀನಿ," ಎಂದಳು.

ನಾನು ಬೇಲಿಯ ಕಡೆ ನೋಡಿದೆ. ದಾಸ್ ಕುರ್ಚಿಯಿಂದ ಎದ್ದು ನಿಂತಿದ್ದರು. ಆ ಹೊತ್ತಿಗೆ ಅವರಿಗೆ ಹಗಲಿನಲ್ಲೇ ಏನೂ ಸರಿಯಾಗಿ ಕಾಣುತ್ತಿರಲಿಲ್ಲ.

"ನಿಂಗೆ ಬಾಲ್ ಕಾಣ್ತಿದೆಯಾಮ್ಮಾ?" ಎಂದು ಕೇಳಿದರು.

ಕಾಣುತ್ತಿದೆ ಎಂದು ಹೇಳಲು ನನಗೆಷ್ಟು ಆಸೆಯಾಯಿತೆಂದು ಹೇಳಲಾರೆ. ಅಷ್ಟು ವರ್ಷ ಆ ಮೈದಾನದಲ್ಲಿ ನನಗಾಗಿ ಏನನ್ನೂ ಬಯಸಿರಲಿಲ್ಲ. ಅವತ್ತು ಮಾತ್ರ ಆ ಚೆಂಡು ನೀಲಗಿರಿ ಮರಗಳ ತನಕ ಹೋಗುವುದನ್ನು, ರೆಹಾನಾ ಕೈ ಬೀಸಿಕೊಂಡು ಓಡಿ ಬರುವುದನ್ನು ನೋಡಬೇಕೆಂದು ನನ್ನ ಮೈಯೆಲ್ಲ ಬೇಡುತ್ತಿತ್ತು.

"ಇಲ್ಲ ಸಾರ್. ಕಾಣ್ತಿಲ್ಲ," ಎಂದೆ.

ಅವರು ಮತ್ತೆ ಕುರ್ಚಿಯಲ್ಲಿ ಕೂತರು. ನಾನು ಆಟ ನಿಲ್ಲಿಸಿದೆ ಎಂದು ಸಾರಿದೆ. ಮುನಿರಾಜು ಬಗ್ಗಿ ಬ್ಯಾಟನ್ನು ಮೆಲ್ಲನೆ ನೆಲದ ಮೇಲಿಟ್ಟ. ಕಪ್ಪನ್ನು ಎರಡೂ ಟೀಮಿಗೆ ಒಟ್ಟಿಗೆ ಕೊಟ್ಟೆವು, ಎಲ್ಲರೂ ಒಬ್ಬರನ್ನೊಬ್ಬರು ತಬ್ಬಿಕೊಂಡರು. ಮನೆಗೆ ಹೋಗುವಾಗ ಯಾರೂ ಬೇಗ ಗೇಟು ದಾಟಲಿಲ್ಲ. ಮರುದಿನ ಬೆಳಿಗ್ಗೆ ನಾನು ಆಫೀಸಿಗೆ ಬರುವಷ್ಟರಲ್ಲಿ ಮೈದಾನದ ಸುತ್ತ ತಗಡಿನ ಬೇಲಿ ಎದ್ದಿತ್ತು.

ದಾಸ್ ಈಗಿಲ್ಲ. ಅವರ ಮಣ್ಣಿಗೆ ಹೋದಾಗ ರೆಹಾನಾ, ಮುನಿರಾಜು, ನಾನು ಮೂವರೂ ಒಟ್ಟಿಗೆ ನಿಂತಿದ್ದೆವು. ಮುನಿರಾಜು ಎಲ್ಲಾದರೂ ಸಿಕ್ಕಿದರೆ, ಆ ಚೆಂಡನ್ನು ಎಲ್ಲಿಗೆ ಹೊಡೆಯಬೇಕೆಂದುಕೊಂಡಿದ್ದೆ ಎಂದು ಕೈ ಮಾಡಿ ತೋರಿಸುತ್ತಾನೆ, ಪ್ರತಿ ಸಲವೂ ಬೇರೆ ಬೇರೆ ದಿಕ್ಕಿಗೆ. ಅವತ್ತು ನಿಲ್ಲಿಸಿದ್ದು ಸರಿಯೇ ಎಂದು ಯಾರಾದರೂ ಕೇಳಿದರೆ ಸರಿ ಎನ್ನುತ್ತೇನೆ. ನೀವು ಆ ಜಾಗದಲ್ಲಿದ್ದರೆ ನೀವೂ ನಿಲ್ಲಿಸಬೇಕು. ಆದರೆ ಕೆಲವು ಸಂಜೆ, ಬೆಳಕು ಇಳಿಯುವ ಹೊತ್ತಿನಲ್ಲಿ ದೊಮ್ಮಲೂರಿನ ನನ್ನ ಮನೆಯ ಬಾಲ್ಕನಿಯಲ್ಲಿ ಕೂತಿರುವಾಗ, ಆ ಪಂದ್ಯ ಇನ್ನೂ ಮುಗಿದಿಲ್ಲ ಎನಿಸುತ್ತದೆ. ಸ್ಕೋರು ಸಮವಾಗಿದೆ. ರೆಹಾನಾ ಮೂರನೇ ಬೇಸಿನ ಮೇಲೆ ಒಂದು ಕಾಲಿಟ್ಟು, ಮುಂದಕ್ಕೆ ಬಾಗಿ, ನಿಂತೇ ಇದ್ದಾಳೆ.